ಕರಿಬಸವನಿಗೆ ಕೊಟ್ಟ ನೀರು

ಜಯನಗರ ನಾಲ್ಕನೇ ಬ್ಲಾಕ್,
ಬೆಂಗಳೂರು–11
17 ನವೆಂಬರ್ 1964

ಪ್ರೀತಿಯ ಗೌರೀಶಂಕರ,

ತುಮಕೂರಿನಲ್ಲಿ ನೀನೂ ಮನೆಯವರೂ ಕ್ಷೇಮವಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಎರಡು ಕಾಗದಗಳೂ ಬಂದು ತಿಂಗಳಾಯಿತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಅತ್ತಿಗೆ ಜಯಶೀಲಾ ದಿನವೂ ನೆನಪಿಸುತ್ತಿದ್ದಳು, ನಾನೇ ಇವತ್ತು ನಾಳೆ ಎನ್ನುತ್ತ ಬಂದೆ. ಇಲ್ಲಿ ನಮ್ಮ ಬೀದಿಗೆ ಕೊನೆಗೂ ದೀಪದ ಕಂಬಗಳು ಬಂದವು. ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಯಾರೋ ಪಾಯ ತೋಡಿಸುತ್ತಿದ್ದಾರೆ, ಹಗಲೆಲ್ಲ ಕಲ್ಲು ಒಡೆಯುವ ಸದ್ದು.

ನೀನು ಕೇಳಿರುವುದು ಒಂದೇ ಮಾತು. ಕಣ್ಣಿನ ಪೊರೆ ತೆಗೆಸಲು ನಗುನಗುತ್ತ ನಮ್ಮ ಮನೆಗೆ ಬಂದ ನಿನ್ನ ಅವ್ವ, ದೃಷ್ಟಿ ಬಂದು ಊರಿಗೆ ಮರಳಿದ ಮೇಲೆ ಯಾಕೆ ಮಾತು ಬಿಟ್ಟರು, ನನ್ನ ಕಾದಂಬರಿಯನ್ನು ಯಾಕೆ ಮನೆಯಿಂದ ಹೊರಗಿಡಿಸಿದರು ಎಂದು. ಹೇಳುತ್ತೇನೆ.

ನೀನು ಓದಿ ಹೇಳುತ್ತೇನೆ ಎಂದಾಗಲೆಲ್ಲ ಅವ್ವ ಬೇಡ ಎನ್ನುತ್ತಿದ್ದರಂತೆ. ಇಲ್ಲಿ ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ತಾವಾಗಿಯೇ ಕೇಳಿದರು. ಜಯಶೀಲಾ ದಿನಕ್ಕೆ ಎರಡು ಅಧ್ಯಾಯ ಓದಿದಳು. ನಾವು ಹುಟ್ಟಿ ಬೆಳೆದ ಬೆಂಗಳೂರು ದಂಡಿನ ಆ ಗಲ್ಲಿ, ಸಂಜೆ ಕುದುರೆಯ ಮೇಲೆ ಬರುತ್ತಿದ್ದ ಇಂಗ್ಲಿಷರ ಗೋರಾ ಸಾರ್ಜೆಂಟ್, ಅವನಿಗೆ ಹೆದರಿ ಅಂಗಡಿ ಮುಚ್ಚುತ್ತಿದ್ದ ಜನ, ಎಲ್ಲವನ್ನೂ ಕೇಳಿ ಅವ್ವ ತಲೆದೂಗುತ್ತಿದ್ದರು. ಜಟಕಾ ಸಾಬಿಯ ಬೈಗುಳ ನಾನು ಮೆತ್ತಗೆ ಮಾಡಿದ್ದೇನೆಂದು ನಕ್ಕರು ಕೂಡ.

ಹದಿನಾಲ್ಕನೆಯ ಅಧ್ಯಾಯ ನಿನಗೆ ಬಾಯಿಪಾಠ. ನಲವತ್ತೆರಡರ ಚಳವಳಿಯಲ್ಲಿ ಗುಂಡು ತಿಂದು ಬಿದ್ದ ನಿನ್ನ ಅಣ್ಣ ಕರಿಬಸವನ ತಲೆಯನ್ನು ಅವನ ಗೆಳೆಯ ತೊಡೆಯ ಮೇಲಿಟ್ಟುಕೊಂಡು ಬೊಗಸೆಯಲ್ಲಿ ನೀರು ಕುಡಿಸುತ್ತಾನೆ. ಅಣ್ಣ ಅವ್ವನ ಹೆಸರು ಹೇಳಿ ಕಣ್ಣು ಮುಚ್ಚುತ್ತಾನೆ. ಆ ಗೆಳೆಯ ನಾನೇ ಎಂದು ಓದಿದವರೆಲ್ಲ ಅಂದುಕೊಂಡರು. ಸನ್ಮಾನದ ಸಭೆಗಳಲ್ಲಿ ಹಾಗೆಯೇ ಹೊಗಳಿದರು. ನಾನು ಅಲ್ಲವೆನ್ನಲಿಲ್ಲ. ಪುಸ್ತಕ ಶಾಲೆಗಳಿಗೂ ಹೋಯಿತು, ನಿನ್ನ ತರಗತಿಯ ಮಕ್ಕಳೂ ಅದನ್ನು ಓದಿ ಅತ್ತರು.

ಅದನ್ನು ಕೇಳಿದ ದಿನ ಅವ್ವ ನನ್ನನ್ನು ಹತ್ತಿರ ಕರೆದು ಎರಡು ಕೈಗಳನ್ನೂ ತಡವಿ ಕಣ್ಣಪಟ್ಟಿಗೆ ಒತ್ತಿಕೊಂಡರು. ಮಾರನೆಯ ದಿನ ಅದನ್ನೇ ಮತ್ತೆ ಓದಿಸಿದರು. ನೀರು ಕುಡಿಸುವ ಕಡೆ ನಿಲ್ಲಿಸಿ, ಅಷ್ಟೇ ಸಾಕು ಅಂದರು. ಮೂರನೆಯ ದಿನ ಜಯಶೀಲಾ ತರಕಾರಿಗೆ ಹೋಗಿದ್ದಾಗ ನನ್ನನ್ನು ಕೇಳಿದರು:

“ಸೋಮು, ಅವನ ಮೈ ತೊಳೆದೋಳು ನಾನು. ಗುಂಡು ಗಂಟಲಿಗೇ ಬಿದ್ದಿತ್ತು. ನೀರು ಹೆಂಗೆ ಕುಡಿದ?”

ಅದು ಕಾದಂಬರಿ, ಒಂದಿಷ್ಟು ಸೇರಿಸಬೇಕಾಗುತ್ತದೆ ಎಂದೆ. ಅದಕ್ಕೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ.

“ಸೇರಿಸ್ಕೋ, ಅದಕ್ಕೇನು. ಆದ್ರೆ ನೀನು ಅವನ ಹತ್ರ ಇದ್ದೆ ತಾನೆ?”

“ಇದ್ದೆ, ಅವ್ವ.”

ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು:

“ನಿಮ್ಮಿಬ್ಬರಿಗೂ ಒಂದೇ ತಾನಿನ ಬಟ್ಟೇಲಿ ಅಂಗಿ ಹೊಲಿಸಿದ್ದೆ. ಅವನದನ್ನ ಮೈಯಿಂದ ಹರಿದು ತೆಗೆದೆ. ಮಣ್ಣು ಮಾಡೋಕೆ ಬಂದಾಗ ನಿನ್ನ ಮೈಮೇಲೂ ಅದೇ ಅಂಗಿ ಇತ್ತು. ಒಂದು ಕಲೆ ಇರ್ಲಿಲ್ಲ.”

ಇಪ್ಪತ್ತೆರಡು ವರ್ಷ ಅವರು ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಗೇಟಿನ ಸದ್ದಾಯಿತು, ಜಯಶೀಲಾ ಬಂದಳು. ಕಾಫಿ ತರುವ ನೆಪದಲ್ಲಿ ನಾನು ಎದ್ದುಹೋದೆ.

ಪಟ್ಟಿ ಬಿಚ್ಚಿದ ದಿನ ಅವ್ವ ಜಯಶೀಲಾಳ ಮುಖ ನೋಡಿದರು, ಕಿಟಕಿಯಾಚೆಯ ನುಗ್ಗೆಗಿಡ ನೋಡಿದರು. ನನ್ನ ಕಡೆ ತಿರುಗಲಿಲ್ಲ. ನೀನು ಕರೆದೊಯ್ಯಲು ಬಂದ ಬೆಳಗ್ಗೆ ಜಯಶೀಲಾ ಕಾಲಿಗೆರಗಿದಾಗ ತಲೆ ಸವರಿದರು. ನಾನು ಬಗ್ಗಿದಾಗ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ನೀನು ಆಟೋ ಕರೆಯಲು ಹೋಗಿದ್ದೆ, ನೋಡಲಿಲ್ಲ.

ಹೊಸ ಮುದ್ರಣ ಬೇಡವೆಂದು ಪ್ರಕಾಶಕರಿಗೆ ಬರೆದೆ. ಜೂನಿಗೆ ಶಾಲೆಗಳಿಗೆ ಕೊಡಬೇಕು, ಹಾಳೆ ಆಗಲೇ ಅಚ್ಚಾಗಿದೆ, ಈಗ ನಿಲ್ಲಿಸಲು ಆಗದು ಎಂದು ಉತ್ತರ ಬಂತು. ನಿನ್ನ ತರಗತಿಯಲ್ಲಾದರೂ ಆ ಅಧ್ಯಾಯವನ್ನು ಓದಿಸಬೇಡ.

ನಿನ್ನ ಮನೆ ಮಕ್ಕಳಿಂದ ತುಂಬಿರಲಿ, ಅವ್ವನ ಕಣ್ಣು ಕೊನೆಯವರೆಗೂ ಚೆನ್ನಾಗಿರಲಿ ಎಂದು ಹಾರೈಸುವ

ನಿನ್ನ
ಸೋಮಲಿಂಗಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ನಲವತ್ತೆರಡರ ಆ ದಿನ ನಿನ್ನನ್ನು ಕರೆದುಕೊಂಡು ಅವ್ವ ಮಾಗಡಿಗೆ ಹೋಗಿದ್ದರು. ನಿಮ್ಮ ಮನೆಗೆ ಬೀಗ. ಸಾರ್ಜೆಂಟ್ ಗಲ್ಲಿಗೆ ನುಗ್ಗಿದಾಗ ನಾವಿಬ್ಬರೂ ನಮ್ಮ ಮನೆಯ ಕಡೆ ಓಡಿದೆವು. ನಾನು ಮುಂದಿದ್ದೆ. ಒಳಗೆ ಹೋದವನೇ ಅಗುಳಿ ಹಾಕಿದೆ. ನಿನ್ನ ಅಣ್ಣ ಬಾಗಿಲು ಬಡಿದ. “ಸೋಮು, ನಾನು ಕಣೋ, ತೆಗಿ” ಅಂದ. ನನ್ನ ಕೈ ಅಗುಳಿಯ ಮೇಲೆಯೇ ಇತ್ತು. ಇನ್ನೊಂದು ಸಲ ಬಡಿದ. ಆಮೇಲೆ ಗುಂಡಿನ ಸದ್ದು. ಪೊಲೀಸರು ಬಂದು ಅವನನ್ನು ಗಾಡಿಗೆ ಹಾಕುವವರೆಗೂ ನಾನು ತೆಗೆಯಲಿಲ್ಲ. ಹೊಸ್ತಿಲಾಚೆಯಿಂದ ಉಸಿರಿನ ಸದ್ದು ಮುಕ್ಕಾಲು ಗಂಟೆ ಕೇಳಿಸುತ್ತಿತ್ತು.

ಬಾಗಿಲಿನ ವಿಷಯ ಅವ್ವನಿಗೆ ಓದಿ ಹೇಳು, ಗೌರೀ. ಜೀವ ಹೋದದ್ದು ತಕ್ಷಣವೇ ಅಂತ ಹೇಳು.