ಕಾಲಿಗೆ ಚಕ್ರ ಕಟ್ಟಿಕೊಂಡವಳ ಮಗಳಿಗೆ

ಮನೆಯಿಂದ,
ಮಾರ್ಚ್ ೧೪, ಮಂಗಳವಾರ ಬೆಳಗ್ಗೆ

ಮುದ್ದು ಗುಬ್ಬಿ,

ಹೇಗಿದ್ದೀಯಮ್ಮ? ಮಂಡಿನೋವು ಇಳಿಯಿತೇ? ದಿನವಿಡೀ ನಿಂತುಕೊಂಡೇ ಪಾಠ ಮಾಡಬೇಡ, ಕುರ್ಚಿ ಹಾಕಿಸಿಕೋ. ನಾನು ಚೆನ್ನಾಗಿದ್ದೇನೆ, ಊಟ ಸೇರುತ್ತಿದೆ.

ಅಕ್ಕ ತೀರಿಕೊಂಡು ಇವತ್ತಿಗೆ ಇಪ್ಪತ್ತು ದಿನ. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. "ಲೋಕವೆಲ್ಲ ಸುತ್ತಿದಳು, ಒಂದು ಸಲವಾದ್ರೂ ನನ್ನನ್ನ ಕರೆದಳಾ? ಅಂಥ ಅಮ್ಮನ ನೆನಪಿನ ಸಭೆಗೆ ನಾನ್ಯಾಕೆ ಬರಲಿ?" ಎಂದು ಕೇಳಿದ್ದೀಯ. ಉತ್ತರ ಹೇಳಲು ನನ್ನನ್ನು ಬಿಟ್ಟರೆ ಈಗ ಯಾರೂ ಉಳಿದಿಲ್ಲ.

ನಿನ್ನಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ನೂಲಿನ ಗಿರಣಿಯ ಯಜಮಾನರಾದ ನಮ್ಮಪ್ಪ ಇಬ್ಬರಿಗೂ ಪಿಯಾನೋ ಮೇಷ್ಟ್ರನ್ನು ಗೊತ್ತುಮಾಡಿದ್ದರು. ನಾನು ಪಿಯಾನೋ ಮುಂದೆ ತೂಕಡಿಸುವ ಹೊತ್ತಿಗೆ ಅವಳು ಕಿಟಕಿ ಹಾರಿ ಲಾರಿ ಶೆಡ್ಡು ಸೇರಿರುತ್ತಿದ್ದಳು. ಹದಿನಾರಕ್ಕೆ ಹತ್ತಿಯ ಲಾರಿ ಓಡಿಸಿದಳು. ಪಕ್ಕದಲ್ಲಿದ್ದ ಡ್ರೈವರ್, "ಅಮ್ಮಾವ್ರೇ, ಬ್ರೇಕು ಅಂತ ಒಂದಿದೆ, ಪಾಪ, ಅದನ್ನೂ ಸ್ವಲ್ಪ ಮಾತಾಡಿಸಿ" ಎಂದು ಬೇಡಿಕೊಂಡನಂತೆ. ಸಂಜೆಯ ಪಾರ್ಟಿಗಳಲ್ಲಿ ಊರಿನ ದೊಡ್ಡವರೆಲ್ಲ ಅವಳ ಸುತ್ತಲೇ. ಕೊರಳಲ್ಲಿ ಮುತ್ತಿನ ಹಾರ, ಉಗುರಿನ ಸಂದಿಯಲ್ಲಿ ಗ್ರೀಸು!

ನಿನ್ನಪ್ಪ ತೀರಿಕೊಂಡಾಗ ನಿನಗೆ ಮೂರು ವರ್ಷ. ಆರು ತಿಂಗಳು ಅವಳು ಕೋಣೆ ಬಿಟ್ಟು ಈಚೆ ಬರಲಿಲ್ಲ. ಒಂದು ಬೆಳಗ್ಗೆ, "ಇಲ್ಲೇ ಇದ್ರೆ ನಂಗೆ ಹುಚ್ಚು ಹಿಡಿಯುತ್ತೆ ಕಣೇ, ಮಗೂನ ನೋಡ್ಕೋ" ಎಂದು ಹಡಗು ಹತ್ತಿದಳು. ಮರಳುಗಾಡಿನಲ್ಲಿ ಕಾರಿನ ಪೈಪು ಒಡೆದಾಗ ರೇಷ್ಮೆ ಶಾಲು ಹರಿದು ಸುತ್ತಿ ಎರಡು ದಿನ ಓಡಿಸಿದಳು. ಹಿಮದ ಬೆಟ್ಟದಲ್ಲಿ ಕಾಲಿನ ಎರಡು ಬೆರಳು ಹೋದವು. "ಇನ್ನೂ ಎಂಟಿವೆ ಬಿಡು" ಎಂದು ಬರೆದಳು. ಇಲ್ಲಿ ನಾನು ನಿನಗೆ ಜಡೆ ಹಾಕುತ್ತ, ಮಗ್ಗಿ ಹೇಳಿಸುತ್ತ ಇದ್ದೆ. ನನಗೆ ಮದುವೆಯಾಗಲಿಲ್ಲ. ನೀನು ಮಗ್ಗುಲಲ್ಲಿ ಮಲಗಿದರೆ ಮನೆ ತುಂಬಿದ ಹಾಗಿರುತ್ತಿತ್ತು.

ಸಭೆ ಮುಂದಿನ ಭಾನುವಾರ ಸಂಜೆ, ಗಿರಣಿಯ ಸಭಾಂಗಣದಲ್ಲಿ. ಬಿಸಿಲಿಗೆ ಕೊಡೆ ಹಿಡಿದು ಓಡಾಡು. ನೂರು ಕಾಲ ಚೆನ್ನಾಗಿರು, ಮಗಳೇ.

ನಿನ್ನ
ಚಿಕ್ಕಮ್ಮ

ತಾ.ಕ.: ಬರೆಯಲು ಕೈ ಬರಲಿಲ್ಲ, ಈಗ ಬರೆದುಬಿಡುತ್ತೇನೆ. ಅವಳು ಕರೆದಿದ್ದಳು. ನಿನಗೆ ಏಳು ತುಂಬಿದಾಗ ನಮ್ಮಿಬ್ಬರಿಗೂ ಟಿಕೆಟ್ಟು ಕಳಿಸಿ, "ಗುಬ್ಬೀನ ಕರ್ಕೊಂಡು ಬಂದು ಬಿಡು, ಇನ್ನು ನನ್ನ ಜೊತೇಲೇ ಇರಲಿ" ಎಂದಿದ್ದಳು. "ಮಗು ಒಲ್ಲೆ ಅನ್ನುತ್ತಿದೆ, ನಿನ್ನ ಹೆಸರೆತ್ತಿದರೆ ಅಳುತ್ತದೆ" ಎಂದು ನಾನೇ ಉತ್ತರ ಬರೆದೆ. ನಿನ್ನನ್ನು ಕೇಳಿರಲೇ ಇಲ್ಲ. ಅವಳು ನಂಬಿದಳು, ಮತ್ತೆಂದೂ ಆ ಮಾತು ಎತ್ತಲಿಲ್ಲ. ಅವಳಿಗಾಗಿ ಬಾ. ನನ್ನ ಮುಖ ನೋಡುವುದು ಬೇಡವೆನ್ನಿಸಿದರೆ ಒಂದು ಸಾಲು ಬರೆ, ಆ ಸಂಜೆ ನಾನು ಮನೆಯಲ್ಲೇ ಉಳಿಯುತ್ತೇನೆ.