ಶ್ಯಾವಿಗಿ ಮಣಿ ಅಲ್ರಿ ಇದು

ಸವಣೂರು, ಬುಧವಾರ

ಅಬಲೂರಿನ ಹಾಲವ್ವಾರಿಗೆ ಪೇಟಿ, ತಂತಿವಾದ್ಯ ರಿಪೇರಿ ಮಾಡೋ ನುಜಹತಳ ಸಲಾಮು.

ನಿಮ್ಮ ಮಗ ಶಂಭುಲಿಂಗ, "ಅಪ್ಪ ಮನ್ಯಾಗ ಮಾಡಿದ್ದು, ಅವ್ವ ಶ್ಯಾವಿಗಿ ಹೊಸಿಯೋ ಮಣಿ ಅಂತಾಳ, ಕೆಳಗ ಪೆಡಲ್ ಯಾಕದಾವ ನೋಡ್ರಿ" ಅಂತ ಇದನ್ನ ನನ್ನ ಅಂಗಡ್ಯಾಗ ತಂದಿಟ್ಟು ಹೋದ. ಅದು ಪೆಡಲ್ ಸ್ಟೀಲ್ ಗಿಟಾರ್ ಐತ್ರಿ. ತಂತಿ ಮ್ಯಾಲ ಉಕ್ಕಿನ ತುಂಡು ಜಾರಿಸ್ಕೋತ, ಕಾಲಿಲೆ ಪೆಡಲ್ ಒತ್ತಿ ಸ್ವರ ಏರಿಸೂದು. ಸಂದ್ಯಾಗಿನ ಹಿಟ್ಟು ಕೆರದು ಹೊಸ ತಂತಿ ಹಾಕೇನಿ. ಚಲೋ ನುಡೀತೈತಿ.

"ಹಂಗಾದ್ರ ಅಪ್ಪ ಬಾರಿಸ್ತಿದ್ದ" ಅಂತ ಶಂಭುಲಿಂಗ ಫೋನಿನ್ಯಾಗ ಖುಷಿಪಟ್ಟ. ನಾ ತಂತಿ ರೊಕ್ಕದ ಮಾತು ತಗದೆ. ಕಟ್ಟಿಗಿ ಪೆಡಲ್ ಮ್ಯಾಲೆಲ್ಲಾ ಕಾಲುಂಗರ ತಿಕ್ಕಿದ ಗೀರು ಅದಾವ್ರಿ. ಪಾಲಿಶ್ ಹಚ್ಚಿ ಅವನ್ನ ಅಳಿಸಿಲ್ಲ.

ಶುಕ್ರವಾರ ಅಂಗಡಿ ಮುಚ್ಚಿರ್ತೇನಿ, ಹಿತ್ತಲ ಬಾಗಲಕ್ಕ ಬರ್ರಿ. ಪೆಡಲ್ ಎಷ್ಟು ಬಿಗಿ ಇರಬೇಕಂತ ಬಾರಿಸಿದ ಕಾಲಿಗೇ ಗೊತ್ತು. ಮಗನ್ನ ಕಳಸಬ್ಯಾಡ್ರಿ.

ನಿಮ್ಮ ಹಾದಿ ನೋಡೋ
ನುಜಹತ