ಮಾದರಿಯಲ್ಲಿಲ್ಲದ ಕಣಿವೆಯ ಗಾಳಿ

ಗಾಳಿವಿದ್ಯುತ್ ಸಂಸ್ಥೆಯ ನಿರ್ವಹಣಾ ವಿಭಾಗದ ಮುಖ್ಯಸ್ಥರೇ,

ಜೂನ್ ಹದಿನೈದರವರೆಗೂ ಗಾಳಿಯಂತ್ರಗಳ ಮೇಲೆ ಹತ್ತಿ ರಿಪೇರಿ ಮಾಡಬಹುದೆಂದು ನೀವು ಹೊರಡಿಸಿರುವ ಸುತ್ತೋಲೆ ಜೀವ ತೆಗೆಯುವಂಥದ್ದು. ಇದನ್ನು ಎದುರಿಗೆ ಹೇಳಲೆಂದು ಎರಡು ಸಲ ನಿಮ್ಮ ಕೊಯಮತ್ತೂರಿನ ಕಚೇರಿಗೆ ಬಂದಿದ್ದೆ. ಎರಡು ಸಲವೂ ಅಲ್ಲಿನವರು ಕೊಟ್ಟ ನೀರು ಕುಡಿದು ಹಾಗೇ ಹಿಂತಿರುಗಿದೆ. ನೀವು ಕರ್ನಾಟಕದಿಂದ ಬಂದವರು, ಈ ಪತ್ರಿಕೆ ತರಿಸಿ ಓದುವವರು ಎಂದು ತಿಳಿದು ಇಲ್ಲಿ ಬರೆಯುತ್ತಿದ್ದೇನೆ.

ಸುತ್ತೋಲೆಗೆ ಆಧಾರ ಕಂಪ್ಯೂಟರ್ ಲೆಕ್ಕದ ಒಂದು ಹವಾಮಾನ ಮಾದರಿ. ಅರಬ್ಬೀ ಸಮುದ್ರದ ಮೇಲಿನ ಗಾಳಿ ಈ ವರ್ಷ ತಡವಾಗಿ, ಮೆಲ್ಲಗೆ ಬರುತ್ತದೆಂದು ಅದು ಹೇಳಿದೆಯಂತೆ. ಮಾದರಿಯನ್ನು ಹೀಗಳೆಯಲು ನಾನು ಯಾರು? ಗಾಳಿ ಯಾವ ದಿಕ್ಕಿನಿಂದ ಯಾವ ತಿಂಗಳಲ್ಲಿ ತಿರುಗುತ್ತದೆ ಎಂಬುದನ್ನು ಇಂಥ ಮಾದರಿಗಳು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತವೆ. ಆದರೆ ಅವು ಭೂಮಿಯನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸಿಕೊಂಡು ಲೆಕ್ಕ ಹಾಕುತ್ತವೆ. ನೀವು ನಂಬಿದ ಮಾದರಿಯ ಒಂದು ಚೌಕ ನೂರು ಕಿಲೋಮೀಟರ್ ಅಗಲ. ನಮ್ಮ ಪಾಲಕ್ಕಾಡು ಕಣಿವೆ ಸುಮಾರು ಮೂವತ್ತು. ಆ ಚೌಕದೊಳಗೆ ಬೆಟ್ಟಗಳು ಸವೆದು ದಿಬ್ಬಗಳಾಗುತ್ತವೆ, ಕಣಿವೆ ಮುಚ್ಚಿಹೋಗುತ್ತದೆ. ಸಮುದ್ರದ ಗಾಳಿ ಇಕ್ಕಟ್ಟಿನಲ್ಲಿ ನುಗ್ಗಿ ನಿಮ್ಮ ಯಂತ್ರಗಳು ನಿಂತಿರುವ ಉಡುಮಲೈಪೇಟೆಯ ಬಯಲಿಗೆ ಯಾವ ರಭಸದಲ್ಲಿ ಬಂದು ಬಡಿಯುತ್ತದೆಂದು ಅದಕ್ಕೆ ಗೊತ್ತಾಗುವುದು ಹೇಗೆ? ಸರಾಸರಿ ಗಾಳಿಗೆ ಯಾರೂ ಸಾಯುವುದಿಲ್ಲ, ಸ್ವಾಮಿ. ಸಾಯುವುದು ಒಂದು ಬೀಸಿಗೆ.

ಆ ಒಂದು ಬೀಸು ಕಳೆದ ವರ್ಷ ಜೂನ್ ಎಂಟರಂದು ಬಂತು. ನನ್ನ ಚಿಕ್ಕಪ್ಪ ರಾಮಪ್ರಸಾದ್ ನಿಮ್ಮಲ್ಲಿ ಹತ್ತೊಂಬತ್ತು ವರ್ಷದಿಂದ ಯಂತ್ರ ಹತ್ತುವವರು. ಅವರ ಜೊತೆಗಾರ ಕುಮರೇಶನ್. ಹತ್ತುವ ಮುನ್ನ ಹೆಗಲ ಟವೆಲನ್ನು ಬೇಲಿಯ ತಂತಿಗೆ ಸಿಕ್ಕಿಸಿ, ಒಂದು ಲೋಟ ಟೀ ಮುಗಿಯುವವರೆಗೆ ನೋಡುವುದು ಇವರ ಪದ್ಧತಿ. ಅಷ್ಟು ಹೊತ್ತೂ ಟವೆಲ್ ಗಾಳಿಗೆ ಹಾರುತ್ತಲೇ ಇದ್ದು ಒಮ್ಮೆಯೂ ತಂತಿಗೆ ಒರಗದಿದ್ದರೆ ಅಂದು ಹತ್ತುವುದಿಲ್ಲ. ಆ ಬೆಳಿಗ್ಗೆ ಒರಗಲಿಲ್ಲ.

"ಅಣ್ಣಾ, ಇನ್ನೊಂದು ಟೀ ಹೇಳು. ಇವತ್ತು ಇದೇ ಕೆಲಸ," ಎಂದು ಕುಮರೇಶನ್ ನಕ್ಕನಂತೆ.

ಫೋನಿನಲ್ಲಿ ನಿಮ್ಮ ಮೇಲ್ವಿಚಾರಕರು ನಗಲಿಲ್ಲ. "ಟವೆಲ್ ಒಣಗಿಸೋಕಾ ನಿಮಗೆ ಸಂಬಳ ಕೊಡೋದು? ಗೋಡೆ ಮೇಲೆ ಅಂಟಿಸಿರೋದನ್ನ ಓದಿ. ಇವತ್ತು ಗಾಳಿ ಕಮ್ಮಿ."

ಹತ್ತಿದರು. ರೆಕ್ಕೆಯ ಬಿರುಕು ತುಂಬಲು ಹಗ್ಗದಲ್ಲಿ ಇಳಿದಿದ್ದ ಕುಮರೇಶನ್‌ನನ್ನು ಗಾಳಿ ಎತ್ತಿ ಕಂಬಕ್ಕೆ ಅಪ್ಪಳಿಸಿತು. ಅವನಿಗೆ ಈಗ ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. 'ಅನಿರೀಕ್ಷಿತ ಬಿರುಗಾಳಿ' ಎಂದು ನೀವು ವರದಿ ಬರೆದಿರಿ. ಅವನ ಹೆಂಡತಿ ತಂಗಮಣಿ ಕೇಳಿದಳು: "ಯಾರಿಗೆ ಅನಿರೀಕ್ಷಿತ? ಟೀ ಅಂಗಡಿಯವನಿಗೂ ಗೊತ್ತಿತ್ತಲ್ಲ!" ಅದಾದ ಮೇಲೆ ನೀವು ಮಾಡಿದ ಸುಧಾರಣೆ ಒಂದೇ. ಟವೆಲ್ ಕಟ್ಟುವುದು ಅವೈಜ್ಞಾನಿಕವೆಂದು ನಿಷೇಧಿಸಿದಿರಿ.

ಇನ್ನು ನನ್ನ ಪಾಲು ಹೇಳಬೇಕು. ಇಂಗ್ಲಿಷಿನಲ್ಲಿದ್ದ ಆ ಮುನ್ಸೂಚನೆಯನ್ನು ಕಳೆದ ವರ್ಷ ತಮಿಳಿಗೆ ಮಾಡಿಕೊಟ್ಟವಳು ನಾನೇ. ಗೋಡೆಗೆ ಅಂಟಿಸಲು ಒಂದೇ ಪುಟದಲ್ಲಿ ಬೇಕೆಂದು ನಿಮ್ಮ ಕಚೇರಿಯವರು ಹೇಳಿದರು. ಕೊನೆಯಲ್ಲೊಂದು ವಾಕ್ಯವಿತ್ತು: ಕರಾವಳಿ ಮತ್ತು ಬೆಟ್ಟದ ಕಣಿವೆಗಳಲ್ಲಿ ಮಾದರಿಯ ಗಾಳಿ ನಿಜಕ್ಕಿಂತ ಕಡಿಮೆ ಇರಬಹುದು, ಎತ್ತರದ ಕೆಲಸಕ್ಕೆ ಈ ಅಂಕಿಗಳನ್ನು ನೆಚ್ಚಬೇಡಿ. ಸಾಹಿತ್ಯ ಓದಿದವಳಿಗೆ ಅದು ಮುನ್ನುಡಿಗಳಲ್ಲಿ ಬರುವ ವಿನಯದ ಮಾತಿನಂತೆ ಕಂಡಿತು. ಬಿಟ್ಟುಬಿಟ್ಟೆ. ಪುಟ ಅಂದವಾಗಿ ಕೂತಿತು. ಈ ತಪ್ಪು ನನ್ನದು. ಆದರೆ ಇಂಗ್ಲಿಷಿನ ಪ್ರತಿ ನಿಮ್ಮ ಮೇಜಿನ ಮೇಲಿತ್ತು. ಅದನ್ನು ಓದಿ ಸಹಿ ಹಾಕಿದವರು ನೀವು. ಕುಮರೇಶನ್ ಹಾಸಿಗೆ ಹಿಡಿದ ಮೇಲೂ ಅದೇ ಪುಟಕ್ಕೆ ಈ ವರ್ಷದ ಅಂಕಿ, ದಿನಾಂಕ ಹಾಕಿಸಿದವರೂ ನೀವೇ.

ಇಂದು ಮೇ ಇಪ್ಪತ್ತೆಂಟು. ಮೂರು ದಿನದಿಂದ ನಮ್ಮ ಅಡುಗೆಮನೆಯ ಪಡುವಣ ಕಿಟಕಿ ತಾನಾಗಿ ಬಡಿದುಕೊಳ್ಳುತ್ತಿದೆ. ಜೂನ್ ಒಂಬತ್ತರಂದು ಹತ್ತುವವರ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರಿದೆ. ಹೋಗಬೇಡಿ ಎಂದೆ. "ನಾನು ಮಾಟ್ಟೇನ್, ಹತ್ತೋದಿಲ್ಲ ಅಂದ್ರೆ ಇನ್ನೊಬ್ಬನ್ನ ಹತ್ತಿಸ್ತಾರೆ, ಕಣ್ಣಮ್ಮಾ. ಗಾಳಿಗೆ ಆಳು ಯಾರಾದ್ರೇನು?" ಎಂದರು.

ಆದ್ದರಿಂದ ಕೇಳುತ್ತಿದ್ದೇನೆ. ಜೂನ್ ಒಂದರಿಂದ ಯಾರನ್ನೂ ಮೇಲೆ ಹತ್ತಿಸುವುದಿಲ್ಲವೆಂದು ಬರೆದು, ಸಹಿ ಹಾಕಿ, ಪ್ರತಿಯೊಂದು ಯಂತ್ರದ ಬಾಗಿಲಿಗೂ ಅಂಟಿಸಿ. ಎಷ್ಟು ಪುಟವಾದರೂ ಆಗಲಿ, ತಮಿಳಿಗೆ ನಾನು ಮಾಡಿಕೊಡುತ್ತೇನೆ. ಒಲ್ಲೆನೆಂದರೆ ಒಂಬತ್ತರ ಬೆಳಿಗ್ಗೆ ಚಿಕ್ಕಪ್ಪ ಹತ್ತಬೇಕಾದ ಯಂತ್ರದ ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು ನಾನು ಕೂತಿರುತ್ತೇನೆ. ಎಬ್ಬಿಸಲು ಮೇಲ್ವಿಚಾರಕರನ್ನು ಕಳಿಸಬೇಡಿ, ನೀವೇ ಬನ್ನಿ.

ಇಂತಿ,
ಒಂದು ವಾಕ್ಯ ಬಿಟ್ಟು ಒಬ್ಬನ ಕಾಲು ಕಳೆದವಳು,
ಲಕ್ಷ್ಮೀಪ್ರಿಯಾ
ಕೊಯಮತ್ತೂರು